ನಿದ್ದೆ ಬಾರದವರು ಮೊದಲು ಏಳುವ ಹೊತ್ತು ಗೊತ್ತುಮಾಡಿಕೊಳ್ಳಿ

"ಸಿಸ್ಟರ್, ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತವಲ್ದು. ಒಂದು ನಿದ್ದಿ ಗುಳಿಗಿ ಕೊಡ್ರಿ."

ಬಿ.ಪಿ. ನೋಡಿಸಿಕೊಳ್ಳಲು ಬರುವ ಅನೇಕರು ಹೀಗೆ ಕೇಳುತ್ತಾರೆ. ಆಗ ನಾವು ಕೇಳುವ ಮೊದಲ ಪ್ರಶ್ನೆ: "ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ?" ರಾತ್ರಿ ನಿದ್ದೆಯಾಗಲಿಲ್ಲವೆಂದು ಎಂಟರವರೆಗೆ ಮಲಗಿರುತ್ತಾರೆ, ಮಧ್ಯಾಹ್ನ ಮತ್ತೆರಡು ತಾಸು ಮಲಗುತ್ತಾರೆ. ತೊಂದರೆ ಬೆಳೆಯುವುದು ಇಲ್ಲಿಂದಲೇ. ನಿದ್ದೆಯೂ ಹಸಿವಿನಂತೆ. ಸಂಜೆ ಹೊಟ್ಟೆ ತುಂಬ ತಿಂದವರಿಗೆ ರಾತ್ರಿ ಊಟ ಸೇರದು. ಹಗಲು ಮಲಗಿದವರಿಗೆ ರಾತ್ರಿ ನಿದ್ದೆ ಹತ್ತದು.

ಮನೆಯಲ್ಲಿ ಮಾಡಬೇಕಾದ್ದು:

1. ರಾತ್ರಿ ಎಷ್ಟೇ ಕಡಿಮೆ ನಿದ್ದೆಯಾಗಲಿ, ಪ್ರತಿದಿನ ಒಂದೇ ಹೊತ್ತಿಗೆ ಏಳಿರಿ. ಎದ್ದು ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿ ಓಡಾಡಿರಿ.

2. ಹಗಲು ನಿದ್ದೆ ಬಿಡಿ. ತೀರಾ ಆಯಾಸವಾದರೆ ಮಧ್ಯಾಹ್ನ 3ರೊಳಗೆ 20 ನಿಮಿಷ ಸಾಕು.

3. ತೂಕಡಿಕೆ ಬಂದಾಗಲೇ ಹಾಸಿಗೆಗೆ ಹೋಗಿ. ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ. ತೂಕಡಿಕೆ ಬಂದ ಮೇಲೆ ಮರಳಿ ಮಲಗಿ. ಗಡಿಯಾರ, ಮೊಬೈಲ್ ನೋಡಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ತಿಳಿಸಿದ ಈ ಕ್ರಮವನ್ನು ವೈದ್ಯರು ಇಂದಿಗೂ ಹೇಳಿಕೊಡುತ್ತಾರೆ.

4. ಕುಡಿದ ಚಹಾ, ಕಾಫಿಯ ಕೆಫೀನ್ ಸುಮಾರು 5 ತಾಸಿನ ನಂತರವೂ ಅರ್ಧದಷ್ಟು ದೇಹದಲ್ಲಿರುತ್ತದೆ. ಮಧ್ಯಾಹ್ನದ ನಂತರ ಕುಡಿಯಬೇಡಿ. ಬೀಡಿ, ತಂಬಾಕು ಸಹ ನಿದ್ದೆ ಕೆಡಿಸುತ್ತವೆ. ಮದ್ಯ ಕುಡಿದರೆ ಬೇಗ ನಿದ್ದೆ ಹತ್ತಿದರೂ ನಡುರಾತ್ರಿ ಎಚ್ಚರವಾಗುತ್ತದೆ.

ಮೊದಲ ಕೆಲವು ದಿನ ಕಷ್ಟವೆನಿಸಬಹುದು. ಮೂರ್ನಾಲ್ಕು ವಾರ ಬಿಡದೆ ಮಾಡಿ ನೋಡಿ. ತೂಕಡಿಕೆ ಇರುವಾಗ ವಾಹನ ನಡೆಸಬೇಡಿ.

ಗುಳಿಗೆಯ ಬಗ್ಗೆ ಎಚ್ಚರಿಕೆ:

ಪಕ್ಕದ ಮನೆಯವರ ನಿದ್ದೆ ಗುಳಿಗೆ ತೆಗೆದುಕೊಳ್ಳಬೇಡಿ. ಅಲ್‌ಪ್ರಜೋಲಾಮ್‌ನಂಥ ಗುಳಿಗೆಗಳು ಚಟವಾಗುತ್ತವೆ. ವಯಸ್ಸಾದವರು ರಾತ್ರಿ ಎದ್ದಾಗ ಜೋಲಿ ತಪ್ಪಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಮದ್ಯದ ಜೊತೆ ನುಂಗಿದರೆ ಉಸಿರೇ ನಿಲ್ಲಬಹುದು. ಈಗಾಗಲೇ ಬಹುದಿನಗಳಿಂದ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ.

ವೈದ್ಯರಿಗೆ ಯಾವಾಗ ತೋರಿಸಬೇಕು?

ವಾರಕ್ಕೆ 3 ರಾತ್ರಿಯಂತೆ 3 ತಿಂಗಳಿಂದ ನಿದ್ದೆ ಇಲ್ಲದಿದ್ದರೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತಿದ್ದರೆ. ಮಲಗಿದರೆ ದಮ್ಮು ಹತ್ತುತ್ತಿದ್ದರೆ. ಮೂತ್ರಕ್ಕೆ ಮೇಲಿಂದ ಮೇಲೆ ಏಳುತ್ತಿದ್ದರೆ ತಡಮಾಡಬೇಡಿ. ಸಕ್ಕರೆ ಕಾಯಿಲೆಯಿಂದಲೂ, ಸಂಜೆ ನುಂಗುವ ಕೆಲವು ಬಿ.ಪಿ. ಗುಳಿಗೆಗಳಿಂದಲೂ ಹೀಗಾಗುತ್ತದೆ. ಬರುವಾಗ ನುಂಗುವ ಎಲ್ಲ ಗುಳಿಗೆಗಳನ್ನು ಜೊತೆಗೆ ತನ್ನಿ.

ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಮನೆಯವರಿಗೆ, ನಮಗೆ ಅಂದೇ ಹೇಳಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲುರಾತ್ರಿ ಇರುತ್ತದೆ.

ನಿದ್ದೆ ಯಾವಾಗ ಬರುವುದೋ ನಮ್ಮ ಕೈಯಲ್ಲಿಲ್ಲ. ಏಳುವ ಹೊತ್ತು ನಮ್ಮ ಕೈಯಲ್ಲಿದೆ. ನಾಳೆಯಿಂದಲೇ ಆರಂಭಿಸಿರಿ.