ಮೂಲೆಯಲ್ಲಿ ನಿಂತ ಹುಡುಗನನ್ನು ನೋಡಿ

ಗೌರಿಬಿದನೂರಿನ ನೇತಾಜಿ ಕ್ರೀಡಾಂಗಣವಿರಲಿ, ಚಿಂತಾಮಣಿಯ ಝಾನ್ಸಿ ರಾಣಿ ಕ್ರೀಡಾಂಗಣವಿರಲಿ, ಕಬಡ್ಡಿ ಪಂದ್ಯ ಮುಗಿದ ಮೇಲೆ ನನಗೆ ಎದುರಾಗುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಇವರಲ್ಲಿ ಯಾರಾದ್ರೂ ಪ್ರೊ ಕಬಡ್ಡಿಗೆ ಹೋಗ್ತಾರಾ?" 2014ರ ಜುಲೈನಲ್ಲಿ ಎಂಟು ತಂಡಗಳೊಂದಿಗೆ ಲೀಗ್ ಶುರುವಾಯಿತು. 2017ರ ಹೊತ್ತಿಗೆ ತಂಡಗಳು ಹನ್ನೆರಡಾದವು, ಅದರ ಜೊತೆಗೆ ನಮ್ಮೂರುಗಳ ಆಸೆಯೂ ಬೆಳೆಯಿತು. ದೈಹಿಕ ಶಿಕ್ಷಕನಾಗಿ ಹುಡುಗರನ್ನು ಟ್ರಯಲ್ಸ್‌ಗೆ ಕಳುಹಿಸುತ್ತಾ, ಯಾರಿಗೆ ಕರೆ ಬರಬಹುದು ಎಂದು ಮುಂಚೆಯೇ ಅಂದಾಜು ಮಾಡುತ್ತಾ ಬಂದವನು ನಾನು. ಈ ಅಂದಾಜಿಗೂ ಒಂದು ಕ್ರಮವಿದೆ. ಹೊಸದಾಗಿ ಸೇರಿದ ದೈಹಿಕ ಶಿಕ್ಷಕರಿಗೂ ಊರಲ್ಲಿ ತಂಡ ಕಟ್ಟುವವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

1. ಹುಡುಗನಲ್ಲಿ ಏನಿದೆ ಎನ್ನುವುದಕ್ಕಿಂತ ಮೊದಲು ತಂಡದಲ್ಲಿ ಏನಿಲ್ಲ ಎಂದು ನೋಡಿ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲು ತೆಗೆಯುವ ರೀಲರ್‌ಗಳಲ್ಲಿ ಚರಕದವನೂ ಆಟೋಮ್ಯಾಟಿಕ್ ಯಂತ್ರ ಇಟ್ಟವನೂ ಒಂದೇ ಲಾಟಿಗೆ ಒಂದೇ ಬೆಲೆ ಕಟ್ಟುವುದಿಲ್ಲ. ಗೂಡು ಎಷ್ಟು ಚೆನ್ನಾಗಿದ್ದರೂ ತನ್ನ ಯಂತ್ರಕ್ಕೆ ಹೊಂದದಿದ್ದರೆ ರೀಲರ್ ಮುಂದಿನ ಲಾಟಿಗೆ ಹೋಗುತ್ತಾನೆ. ಆಟಗಾರರ ಹರಾಜಿನಲ್ಲೂ ನಡೆಯುವುದು ಇದೇ.

2023ರ ಹರಾಜಿನ ಲೆಕ್ಕ ನೋಡಿ. ಒಂದು ತಂಡ ಖರ್ಚು ಮಾಡಬಹುದಾದ ಮಿತಿ 5 ಕೋಟಿ ರೂಪಾಯಿ. ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ, ಮೂಲಬೆಲೆ ಕ್ರಮವಾಗಿ 30, 20, 13 ಮತ್ತು 9 ಲಕ್ಷ. ಆ ಹರಾಜಿನಲ್ಲಿ ತೆಲುಗು ಟೈಟಾನ್ಸ್ ಪವನ್ ಸೆಹ್ರಾವತ್ ಒಬ್ಬರಿಗೇ 2.60 ಕೋಟಿಗೂ ಹೆಚ್ಚು ಕೊಟ್ಟಿತು. ತಂಡದಲ್ಲಿ ಕಡಿಮೆಯೆಂದರೂ ಹದಿನೆಂಟು ಜನ ಇರಬೇಕು. ಅರ್ಧಕ್ಕಿಂತ ಹೆಚ್ಚು ದುಡ್ಡು ಒಬ್ಬ ರೈಡರ್‌ಗೆ ಹೋದ ಮೇಲೆ ಉಳಿದ ಹದಿನೇಳು ಜನರನ್ನು ಉಳಿದ ಅರ್ಧದಲ್ಲಿ ಹೊಂದಿಸಬೇಕು. ಹೆಸರಿಲ್ಲದ ಹುಡುಗನಿಗೆ ಬಾಗಿಲು ತೆರೆಯುವುದು ಅಲ್ಲೇ. ದೊಡ್ಡ ರೈಡರ್ ಆಗಲೇ ಬಂದಿರುವುದರಿಂದ ಆ ತಂಡ ಹುಡುಕುವುದು ಇನ್ನೊಬ್ಬ ದೊಡ್ಡ ರೈಡರ್‌ನನ್ನಲ್ಲ. ಕಡಿಮೆ ಬೆಲೆಗೆ ಸಿಗುವ ಕವರ್, ಕಾರ್ನರ್ ಮತ್ತು ಮೂರನೇ ರೈಡರ್ ಜಾಗಕ್ಕೆ ಜನರನ್ನು. ಹಾಗಾಗಿ ಹರಾಜು ನೋಡುವಾಗ ಕೋಟಿ ಕೂಗುವ ಮೊದಲ ಗಂಟೆಗಳಿಗಿಂತ ಕೊನೆಯ ಗಂಟೆಗಳ ಮೇಲೆ ಹೆಚ್ಚು ಗಮನವಿಡಿ. ಯಾವ ತಂಡದಲ್ಲಿ ಯಾವ ಜಾಗ ಖಾಲಿ ಉಳಿಯಿತು ಎಂದು ಬರೆದಿಟ್ಟುಕೊಳ್ಳಿ.

ಇದಲ್ಲದೆ, ಹರಾಜಿಲ್ಲದೆ ಎಳೆಯರನ್ನು ನೇರವಾಗಿ ತಂಡಕ್ಕೆ ಸೇರಿಸಿಕೊಳ್ಳುವ 'ನ್ಯೂ ಯಂಗ್ ಪ್ಲೇಯರ್' ಎಂಬ ಇನ್ನೊಂದು ದಾರಿಯೂ ಇದೆ. ಪುಣೇರಿ ಪಲ್ಟನ್‌ನ ಅಸ್ಲಂ ಇನಾಮದಾರ್ ಬಂದದ್ದು ಆ ದಾರಿಯಲ್ಲಿ. 2024ರ ಮಾರ್ಚ್ 1ರ ಫೈನಲ್‌ನಲ್ಲಿ ಆ ತಂಡ ಹರಿಯಾಣ ಸ್ಟೀಲರ್ಸ್ ಮೇಲೆ 28-25ರಿಂದ ಗೆದ್ದಾಗ ನಾಯಕ ಅವರೇ, ತರಬೇತುದಾರ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಎಳೆಯರನ್ನು ನಂಬಿ ತಂಡ ಕಟ್ಟುವ ತರಬೇತುದಾರ ಎಲ್ಲಿದ್ದಾನೋ ಅಲ್ಲಿ ನಮ್ಮ ಹುಡುಗರಿಗೆ ಅವಕಾಶ ಹೆಚ್ಚು.

2. ಜನ ಚಪ್ಪಾಳೆ ಹೊಡೆಯುವುದು ರೈಡರ್‌ಗೆ, ನೀವು ನೋಡಬೇಕಾದದ್ದು ಕಾರ್ನರ್‌ನ ಹುಡುಗನನ್ನು.

ನಮ್ಮ ಕಡೆ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಶ್ರೇಷ್ಠ ಆಟಗಾರನ ಕಪ್ ಬಹುತೇಕ ರೈಡರ್ ಪಾಲು. ಪ್ರತಿ ಊರಲ್ಲೂ ಇಬ್ಬರು ಮೂವರು ಒಳ್ಳೆಯ ರೈಡರ್‌ಗಳು ಸಿಗುತ್ತಾರೆ. ಒಳ್ಳೆಯ ಎಡ ಕಾರ್ನರ್ ಸಿಗಬೇಕಾದರೆ ತಾಲ್ಲೂಕನ್ನೇ ಸುತ್ತಬೇಕು.

ಶಿಡ್ಲಘಟ್ಟ ಕಡೆಯ ಒಬ್ಬ ಹುಡುಗನ ಆಟ ಹೇಳುತ್ತೇನೆ. ಎದುರಾಳಿ ರೈಡರ್ ಕೈ ಬೀಸುತ್ತಾ, ಭುಜ ಕುಣಿಸುತ್ತಾ ಬರುತ್ತಿದ್ದ. ಉಳಿದ ಆರು ಮಂದಿಯ ಕಣ್ಣು ಆ ಕೈಯ ಮೇಲೆ. ಈ ಹುಡುಗನ ಕಣ್ಣು ಮಾತ್ರ ರೈಡರ್‌ನ ಸೊಂಟದ ಕೆಳಗೆ. ಮಂಡಿ ಬಗ್ಗಿಸಿ, ಹಿಮ್ಮಡಿ ನೆಲಕ್ಕೆ ತಾಗಿಸದೆ, ಬೆರಳುಗಳ ಮೇಲೆ ಭಾರ ಹಾಕಿ ನಿಂತಿದ್ದ. ನಡುಗೆರೆಯಿಂದ ಬಾಕ್ ಲೈನ್‌ಗೆ 3.75 ಮೀಟರ್, ಅಲ್ಲಿಂದ ಬೋನಸ್ ಗೆರೆಗೆ ಇನ್ನೊಂದು ಮೀಟರ್. ರೈಡರ್ ಬೋನಸ್ ಆಸೆಗೆ ಕಾಲು ಚಾಚಿ ಎರಡು ಸಲ ಹಿಂದಕ್ಕೆಳೆದ. ಹುಡುಗ ಕದಲಲಿಲ್ಲ. ಮೂರನೇ ಸಲ ಚಾಚಿದ ಪಾದ ನೆಲಕ್ಕೆ ಊರಿ ಮೈಭಾರ ಅದರ ಮೇಲೆ ಬಂದ ಗಳಿಗೆಯಲ್ಲೇ ಕೆಳಗೆ ಜಾರಿ ಎರಡೂ ಕೈಯಿಂದ ಕಣಕಾಲು ಹಿಡಿದ. ಕವರ್‌ನವನು ಬಂದು ಬೀಳುವಷ್ಟರಲ್ಲಿ ರೈಡರ್ ಅಂಗಾತ ಮಲಗಿದ್ದ.

ನಾನು ಬರೆದಿಟ್ಟುಕೊಂಡದ್ದು ಆ ಹಿಡಿತವನ್ನಲ್ಲ, ಮೊದಲ ಎರಡು ಸಲ ಅವನು ಕದಲದೆ ನಿಂತದ್ದನ್ನು. ಆತುರಕ್ಕೆ ಮುನ್ನುಗ್ಗಿ ಹಿಡಿಯಲು ಹೋಗುವ ಕಾರ್ನರ್ ಎದುರಾಳಿಗೆ ಪುಕ್ಕಟೆ ಅಂಕ ಕೊಡುತ್ತಾನೆ. ಅಂಕಣದಲ್ಲಿ ಮೂರೇ ಜನ ಉಳಿದಾಗ ಸೂಪರ್ ಟ್ಯಾಕಲ್‌ಗೆ ಎರಡು ಅಂಕ. ಆಗ ಕಾಯುವ ತಾಳ್ಮೆ ಇದೆಯಾ ಎಂದು ನೋಡಿ. ತಂಡದವರು ಕಳುಹಿಸುವ ತರಬೇತುದಾರರೂ ಅದನ್ನೇ ನೋಡುತ್ತಾರೆ. ಚಪ್ಪಾಳೆಯ ಲೆಕ್ಕದಲ್ಲಿ ಪಟ್ಟಿ ಮಾಡಿದರೆ ಇಂಥವನ ಹೆಸರು ಅದರಲ್ಲಿ ಇರುವುದೇ ಇಲ್ಲ.

3. ಮಣ್ಣಿನ ಮೇಲಿನ ಲೆಕ್ಕ ಮ್ಯಾಟ್ ಮೇಲೆ ನಡೆಯುವುದಿಲ್ಲ.

ಮಣ್ಣಿನಲ್ಲಿ ಬರಿಗಾಲಲ್ಲಿ ಜಾರಿ ತಪ್ಪಿಸಿಕೊಳ್ಳುವ ಹುಡುಗ ಮ್ಯಾಟ್ ಮೇಲೆ ಶೂ ಹಾಕಿ ನಿಂತರೆ ಬೇರೆಯೇ ಆಟಗಾರ. ಅಲ್ಲಿ ಪಾದ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಥಟ್ಟನೆ ತಿರುಗಿದರೆ ಭಾರವೆಲ್ಲ ಮಂಡಿಗೆ. ಹಿಂದೂಪುರ, ಮದನಪಲ್ಲಿ ಕಡೆಯ ತಂಡಗಳು ಬಂದಾಗ ನಮ್ಮ ಹುಡುಗರು ಮಣ್ಣಿನಲ್ಲಿ ಸರಿಸಮ ಆಡಿದರೂ ಮ್ಯಾಟ್ ಹಾಸಿದ ಕಡೆ ಮೊದಲಾರ್ಧದಲ್ಲೇ ಸುಸ್ತಾಗುವುದನ್ನು ಕಂಡಿದ್ದೇನೆ. ಮ್ಯಾಟ್ ಮೇಲೆ ನೋಡದೆ ಯಾರ ಬಗ್ಗೆಯೂ ಮಾತು ಕೊಡಬೇಡಿ.

4. ಎಷ್ಟು ಚೆನ್ನಾಗಿ ಆಡುತ್ತಾನೆ ಎನ್ನುವಷ್ಟೇ ಮುಖ್ಯ, ಎಲ್ಲಿ ಆಡುತ್ತಾನೆ ಎಂಬುದು.

ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ನಡೆಯುವ ಪಂದ್ಯಾವಳಿಗಳಲ್ಲಿ ಕಪ್ ಇದೆ, ನಗದು ಬಹುಮಾನ ಇದೆ, ಊರಿನ ಪ್ರೀತಿ ಇದೆ. ತಂಡ ಆರಿಸುವವರ ಕಣ್ಣು ಮಾತ್ರ ಅಲ್ಲಿಲ್ಲ. ಅವರು ನೋಡುವುದು ರಾಷ್ಟ್ರೀಯ ಜೂನಿಯರ್ ಮತ್ತು ಸೀನಿಯರ್ ಪಂದ್ಯಾವಳಿಗಳನ್ನು, ಅಂತರ ವಿಶ್ವವಿದ್ಯಾಲಯ ಕೂಟವನ್ನು, ಖೇಲೋ ಇಂಡಿಯಾವನ್ನು, ರೈಲ್ವೆ, ಸರ್ವಿಸಸ್, ಪೊಲೀಸ್ ತಂಡಗಳನ್ನು. 2022ರ ಏಪ್ರಿಲ್-ಮೇನಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಅಲ್ಲಿ ಕಬಡ್ಡಿಯಲ್ಲಿ ಮೊದಲೆರಡು ಸ್ಥಾನ ಪಡೆದ ತಂಡಗಳ ಅಷ್ಟೂ 24 ಆಟಗಾರರನ್ನು ಅದೇ ವರ್ಷದ ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಸೇರಿಸಿಕೊಂಡರು. ಆ ತಂಡಗಳ ಬೆಂಚ್ ಮೇಲೆ ಕುಳಿತ ಹುಡುಗನ ಹೆಸರೂ ಹರಾಜಿಗೆ ಹೋಯಿತು. ನಮ್ಮ ತಾಲ್ಲೂಕಿನ ಚಾಂಪಿಯನ್ನನ ಹೆಸರು ಹೋಗಲಿಲ್ಲ.

ಹಾಗಾಗಿ ನನ್ನ ಅಂದಾಜಿನಲ್ಲಿ, ಪಿಯುಸಿ ಮುಗಿಸಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಒಂದು ಕಾಲೇಜಿಗೆ ಸೇರಿ ವಿಶ್ವವಿದ್ಯಾಲಯದ ತಂಡಕ್ಕೆ ಬಂದ ಸಾಧಾರಣ ಆಟಗಾರನಿಗೆ, ಓದು ಬಿಟ್ಟು ಊರೂರು ಸುತ್ತಿ ಕಪ್ ಗೆಲ್ಲುವ ಅಸಾಧಾರಣ ಆಟಗಾರನಿಗಿಂತ ಹೆಚ್ಚು ಅವಕಾಶ. ಇದು ನ್ಯಾಯವಲ್ಲ, ಆದರೆ ನಡೆಯುತ್ತಿರುವುದು ಹೀಗೆ. ಕರಾವಳಿಯನ್ನು ನೋಡಿ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳನ್ನು ಸಾಕಿ ಓದಿಸುತ್ತವೆ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ 2022ರ ಫೈನಲ್‌ನಲ್ಲಿ ಪಟ್ನಾ ಪೈರೇಟ್ಸ್ ನಾಯಕ. ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ಮೊದಲ ನಾಯಕ. ನಮ್ಮ ಬಯಲುಸೀಮೆಯ ಹುಡುಗರ ಮೈಕಟ್ಟು ಅವರಿಗಿಂತ ಕಡಿಮೆಯೇನಲ್ಲ. ನಮಗೆ ಕಡಿಮೆ ಬಿದ್ದಿರುವುದು ಹೋಬಳಿಯಿಂದ ರಾಷ್ಟ್ರೀಯ ಕೂಟದವರೆಗೆ ಕೈ ಹಿಡಿದು ನಡೆಸುವವರು.

5. ಹುಡುಗ ಅಭ್ಯಾಸಕ್ಕೆ ಬರಲಿಲ್ಲವೆಂದರೆ ಮನೆಯಲ್ಲಿ ಹುಳ ಯಾವ ಹಂತದಲ್ಲಿದೆ ಎಂದು ಕೇಳಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಏಳೆಂಟು ದಿನ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಗಿನ ಜಾವ ಹಿಪ್ಪುನೇರಳೆ ಕೊಯ್ದು ಹೊರೆ ಹೊತ್ತು ತರಬೇಕು, ಸಂಜೆ ಮತ್ತೆ ಅದೇ ಕೆಲಸ. ಹುಳ ಹಣ್ಣಾದರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕು. ಆ ದಿನಗಳಲ್ಲಿ ಮೈದಾನಕ್ಕೆ ಬಾರದವನನ್ನು ಶಿಸ್ತಿಲ್ಲದವನು ಎಂದು ಪಟ್ಟಿಯಿಂದ ತೆಗೆಯುವ ತರಬೇತುದಾರರಿದ್ದಾರೆ. ನನಗೆ ಅದು ಕೆಟ್ಟ ಲೆಕ್ಕ ಅನಿಸುತ್ತದೆ. ಗೂಡು ಮಾರಿದ ಮರುದಿನ ಬೆಳಿಗ್ಗೆ ಆರಕ್ಕೆ ಅವನು ಮೈದಾನದಲ್ಲಿ ಇದ್ದಾನಾ? ಇದ್ದರೆ ಅವನ ಶಿಸ್ತಿನ ಬಗ್ಗೆ ಬೇರೆ ಸಾಕ್ಷಿ ಬೇಡ. ಹೊರೆ ಹೊತ್ತ ಬೆನ್ನಿಗೆ, ಬಗ್ಗಿ ಕೊಯ್ದ ಸೊಂಟಕ್ಕೆ ಎಂಥ ಬಲವಿರುತ್ತದೆಂದು ಅವನು ಹಿಡಿದ ತೊಡೆ ಬಿಡಿಸಿಕೊಳ್ಳಲು ಹೋದವರಿಗೆ ಗೊತ್ತು.

ಆದರೆ ಟ್ರಯಲ್ಸ್ ದಿನಾಂಕ ಹುಳದ ಲೆಕ್ಕ ನೋಡಿ ಬರುವುದಿಲ್ಲ. ದಿನಾಂಕ ಗೊತ್ತಾದ ಕೂಡಲೇ ಮನೆಗೆ ಹೋಗಿ, ಆ ವಾರ ಸೊಪ್ಪು ಕೊಯ್ಯಲು ಯಾರನ್ನು ಕರೆಯಬಹುದು ಎಂದು ತಂದೆಯ ಜೊತೆ ಕೂತು ಮಾತಾಡಿ. ನಾನು ಕಳುಹಿಸಿದ ಹುಡುಗರಲ್ಲಿ ಕೆಲವರು ಟ್ರಯಲ್ಸ್ ಮುಟ್ಟಿದ್ದೇ ಇಂಥ ಒಂದು ಮಾತಿನಿಂದ.

6. ಒಂದು ವರ್ಷ ಕರೆ ಬರಲಿಲ್ಲವೆಂದು ಹೆಸರು ಹೊಡೆದುಹಾಕಬೇಡಿ.

ಪರ್ದೀಪ್ ನರ್ವಾಲ್ 2015ರಲ್ಲಿ ಬೆಂಗಳೂರು ಬುಲ್ಸ್‌ನಲ್ಲಿದ್ದರು. ಅಲ್ಲಿ ಉಳಿಯಲಿಲ್ಲ. ಪಟ್ನಾಕ್ಕೆ ಹೋಗಿ ಸತತ ಮೂರು ಪ್ರಶಸ್ತಿ ಗೆದ್ದರು, 2017ರ ಒಂದೇ ಋತುವಿನಲ್ಲಿ 369 ರೈಡ್ ಅಂಕ ತಂದರು. ಪವನ್ ಸೆಹ್ರಾವತ್ ಕೂಡ ಮೊದಲು ಬುಲ್ಸ್‌ನಲ್ಲಿದ್ದು ಸದ್ದು ಮಾಡಲಿಲ್ಲ, ಗುಜರಾತ್‌ಗೆ ಹೋದರೂ ಮಾಡಲಿಲ್ಲ. ಮತ್ತೆ ಬೆಂಗಳೂರಿಗೆ ಬಂದ ಮೇಲೆ 2019ರ ಜನವರಿ 5ರ ಫೈನಲ್‌ನಲ್ಲಿ 22 ಅಂಕ ತಂದು ಬುಲ್ಸ್‌ಗೆ ಮೊದಲ ಕಪ್ ಗೆದ್ದುಕೊಟ್ಟರು. ಇಬ್ಬರನ್ನೂ ಹತ್ತಿರದಿಂದ ನೋಡಿದವರಿಗೇ ಮುಂದಿನದು ಕಾಣಲಿಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಎಳೆಯರನ್ನು ಆರಿಸುವ ಡ್ರಾಫ್ಟ್ ಇದೆ. ಯಾರನ್ನು ಯಾವ ತಂಡ ತೆಗೆದುಕೊಳ್ಳುತ್ತದೆ ಎಂದು ಮುಂಚೆಯೇ ಹೇಳುವುದನ್ನೇ ಅಲ್ಲಿ ಕೆಲವರು ಕಸುಬು ಮಾಡಿಕೊಂಡಿದ್ದಾರೆ. ಎತ್ತರ, ತೋಳಿನ ಉದ್ದ, ನೆಗೆತ ಎಲ್ಲವನ್ನೂ ಅಳೆದು ನೋಡುತ್ತಾರೆ. ಅಷ್ಟು ಅಳೆದೂ, ಪ್ರೊ ಕಬಡ್ಡಿ ಶುರುವಾದ 2014ರಲ್ಲೇ ತಂಡಗಳು ನಿಕೊಲಾ ಯೋಕಿಚ್‌ಗಿಂತ ಮೊದಲು ನಲವತ್ತು ಜನರನ್ನು ಆರಿಸಿಕೊಂಡವು. ಮುಂದೆ ಆ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಶ್ರೇಷ್ಠ ಆಟಗಾರನೆಂಬ ಗೌರವ ಮೂರು ಸಲ ಪಡೆದದ್ದು ಅದೇ ಯೋಕಿಚ್. ಮರುವರ್ಷ 52ನೆಯವರಾಗಿ ಡಲ್ಲಾಸ್ ತಂಡ ಆರಿಸಿದ್ದು ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು. ಆ ಲೀಗ್‌ಗೆ ಆಯ್ಕೆಯಾದ ಮೊದಲ ಭಾರತೀಯ ಅವರು, ಆದರೆ ಅದರ ಒಂದು ಪಂದ್ಯವನ್ನೂ ಆಡಲಿಲ್ಲ. ಆಯ್ಕೆಯಾಗುವುದು ಒಂದು ಸಂಗತಿ, ಆಟಗಾರನಾಗಿ ನಿಲ್ಲುವುದು ಇನ್ನೊಂದು. ನಿಮ್ಮ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಪುಟ ಇರಲಿ.

7. ಜನ್ಮ ದಿನಾಂಕ ಸರಿ ಮಾಡಿಸಿ.

ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1, ಆಧಾರ್‌ನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ಜೂನಿಯರ್ ಆಯ್ಕೆಯಲ್ಲಿ ಈ ಮೂರೂ ತಾಳೆಯಾಗದಿದ್ದರೆ ಆಟ ನೋಡುವ ಮೊದಲೇ ಹೊರಗೆ. ತೂಕವೂ ಹಾಗೆಯೇ. ಸೀನಿಯರ್ ಪುರುಷರಿಗೆ ಮಿತಿ 85 ಕೆ.ಜಿ., ಜೂನಿಯರ್‌ಗಳಿಗೆ ಇನ್ನೂ ಕಡಿಮೆ. ಆಯ್ಕೆಯ ಹಿಂದಿನ ದಿನ ಉಪವಾಸವಿದ್ದು ತೂಕ ಇಳಿಸಿದವನ ಕಾಲಲ್ಲಿ ಮರುದಿನ ಶಕ್ತಿ ಇರುವುದಿಲ್ಲ.

8. ನಿಮ್ಮ ಅಂದಾಜನ್ನು ಮನೆಯವರಿಗೆ ಭರವಸೆಯಾಗಿ ಹೇಳಬೇಡಿ.

"ಸಾರ್, ನಮ್ಮ ಹುಡ್ಗ ಟೀವೀಲಿ ಬರ್ತಾನಾ?" ಎಂದು ತಾಯಿ ಕೇಳಿದಾಗ "ಬರ್ತಾನಮ್ಮ" ಎನ್ನುವುದು ಸುಲಭ. ಆ ಒಂದು ಮಾತಿನ ಮೇಲೆ ಹುಡುಗ ಕಾಲೇಜು ಬಿಡುತ್ತಾನೆ, ತಂದೆ ಶೂ, ಪ್ರೋಟೀನ್ ಎಂದು ಸಾಲ ಮಾಡುತ್ತಾನೆ. ನಾನು ಹೇಳುವುದು ಇಷ್ಟು: "ಅಮ್ಮ, ಚೆನ್ನಾಗಿ ಆಡ್ತಾನೆ. ಡಿಗ್ರಿ ಮುಗಿಸಲಿ. ಲೀಗ್‌ನಿಂದ ಕರೆ ಬಂದ್ರೆ ಒಳ್ಳೇದು, ಬರದಿದ್ರೆ ಪೊಲೀಸು, ರೈಲ್ವೆಲಿ ಕ್ರೀಡಾ ಕೋಟಾ ಇದೆ." ಹನ್ನೆರಡು ತಂಡ, ಪ್ರತಿ ತಂಡಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನ, ಹರಿಯಾಣದಿಂದ ತಮಿಳುನಾಡಿನವರೆಗೆ ಇಡೀ ದೇಶದ ಹುಡುಗರ ಪೈಪೋಟಿ. 2025ರ ಹರಾಜಿನಲ್ಲಿ ಪರ್ದೀಪ್ ನರ್ವಾಲ್‌ರಂಥವರನ್ನೇ ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತಿ ಘೋಷಿಸಿದರು. ಈ ಲೆಕ್ಕವನ್ನು ತಂದೆತಾಯಿಗೆ ಬಿಡಿಸಿ ಹೇಳಿ.

9. ಹುಡುಗಿಯರಿಗೆ ಬೇರೆ ಪುಟ ಬೇಡ, ಅದೇ ಪುಟದಲ್ಲಿ ಬರೆಯಿರಿ.

2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೇ ಮಹಿಳೆಯರಿಗಾಗಿ ಮೂರು ತಂಡಗಳ ಪಂದ್ಯಾವಳಿ ನಡೆಸಿದರು. ನಮ್ಮ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ಅದರಲ್ಲಿ ಎರಡು ತಂಡಗಳ ನಾಯಕಿಯರು. ಮಮತಾ 2012ರ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡದ ನಾಯಕಿ, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಆದರೂ ಪುರುಷರ ಲೀಗ್‌ನಷ್ಟು ದೊಡ್ಡದಾದ ಹರಾಜು ಹುಡುಗಿಯರಿಗೆ ಇನ್ನೂ ಬಂದಿಲ್ಲ. ಹಾಗಾಗಿ ಅವರ ವಿಷಯದಲ್ಲಿ ನಾನು ಅಂದಾಜು ಮಾಡುವುದು ಯಾವ ತಂಡದ ಕರೆ ಎಂದಲ್ಲ. ರಾಜ್ಯ ಜೂನಿಯರ್ ತಂಡಕ್ಕೆ ಯಾರು, ಅಲ್ಲಿಂದ ರೈಲ್ವೆ, ಪೊಲೀಸ್ ತಂಡಕ್ಕೆ ಯಾರು ಎಂದು. ಕಾರ್ನರ್‌ನಲ್ಲಿ ಕಾಯುವ ತಾಳ್ಮೆ, ಮ್ಯಾಟ್ ಮೇಲಿನ ಪಾದ, ಗೂಡು ಮಾರಿದ ಮರುದಿನದ ಹಾಜರಿ, ಎಲ್ಲವನ್ನೂ ಅದೇ ಅಳತೆಯಲ್ಲಿ ಬರೆಯುತ್ತೇನೆ. ಟ್ರಯಲ್ಸ್‌ಗೆ ಹೊರಟಾಗ ಜೊತೆಗೆ ಒಬ್ಬ ಶಿಕ್ಷಕಿ ಇರುವಂತೆ, ರಾತ್ರಿ ಕೊನೆಯ ಬಸ್ಸಿಗೆ ಮುಂಚೆ ವಾಪಸು ಊರು ಸೇರುವಂತೆ ಮೊದಲೇ ಏರ್ಪಾಡು ಮಾಡಿ. ಇದೊಂದು ಆಗದಿದ್ದರೆ ಎಂಥ ಆಟಗಾರ್ತಿಯನ್ನೂ ಮನೆಯವರು ಎರಡನೇ ಸಲ ಕಳುಹಿಸುವುದಿಲ್ಲ.