ವಿದ್ಯುತ್ ಕೆಲಸ ಕಲಿಯುವ ಶಿಶಿಕ್ಷು: ಪರೀಕ್ಷಿಸಿದ ನಂತರವೇ ಸ್ಪರ್ಶ

ತಪ್ಪು ಮಾಡುತ್ತಲೇ ಕಸುಬು ಕೈಗೂಡುತ್ತದೆ ಎಂಬುದು ಲೋಕರೂಢಿಯ ಮಾತು. ಬಡಗಿಯ ಉಳಿ ತಪ್ಪಿದರೆ ಮರ ಹಾಳಾಗುತ್ತದೆ. ದರ್ಜಿಯ ಕತ್ತರಿ ತಪ್ಪಿದರೆ ಬಟ್ಟೆ ಹಾಳಾಗುತ್ತದೆ. ವಿದ್ಯುತ್ ಕೆಲಸದಲ್ಲಿ ತಪ್ಪಿದರೆ ಪ್ರಾಣವೇ ಹೋಗಬಹುದು. ವಿದ್ಯುತ್ ಹರಿಯುವ ತಂತಿಗೂ ಹರಿಯದ ತಂತಿಗೂ ಕಣ್ಣಿಗೆ ಕಾಣುವ ಭೇದವಿಲ್ಲ. ಆದುದರಿಂದ ಈ ಕಸುಬಿನ ಮೊದಲ ಪಾಠ ತಂತಿಯನ್ನು ಜೋಡಿಸುವುದಲ್ಲ, ಪರೀಕ್ಷಿಸುವುದು.

ಶಿಶಿಕ್ಷು ಯಾರು?

ಉದ್ಯೋಗದ ಸ್ಥಳದಲ್ಲಿಯೇ ಕರಾರಿನ ಮೇರೆಗೆ ಕಸುಬನ್ನು ಕಲಿಯುವ ಅಭ್ಯರ್ಥಿಯೇ ಶಿಶಿಕ್ಷು ಅಥವಾ ಅಪ್ರೆಂಟಿಸ್. ಇವರ ತರಬೇತಿಗಾಗಿ 1961ರಲ್ಲಿ ಶಿಶಿಕ್ಷು ಅಧಿನಿಯಮವನ್ನು ರೂಪಿಸಲಾಯಿತು. ಇದರನ್ವಯ ಕನಿಷ್ಠ ವಯಸ್ಸು 14 ವರ್ಷ. ಅಪಾಯಕಾರಿ ಉದ್ದಿಮೆಗಳಲ್ಲಿ, 2014ರ ತಿದ್ದುಪಡಿಯ ಪ್ರಕಾರ, 18 ವರ್ಷ. ಹತ್ತನೆಯ ತರಗತಿಯ ನಂತರ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷಗಳ ಎಲೆಕ್ಟ್ರಿಷಿಯನ್ ಶಿಕ್ಷಣ ಪಡೆದವರು ಅನಂತರ ಕಾರ್ಖಾನೆ ಅಥವಾ ಸಂಸ್ಥೆಯೊಂದರಲ್ಲಿ ಶಿಶಿಕ್ಷುಗಳಾಗುವುದು ವಾಡಿಕೆ.

ಆರಂಭದ ದಿನಗಳು

ಆರಂಭದಲ್ಲಿ ದೊರೆಯುವ ಕೆಲಸಗಳು ಸಾಮಾನ್ಯವಾಗಿ ಸಣ್ಣವು: ಏಣಿ ಹಿಡಿಯುವುದು, ಗೋಡೆಯಲ್ಲಿ ಕೊಳವೆಗೆ ಗಾಡಿ ಕೊರೆಯುವುದು, ತಂತಿಯ ಹೊದಿಕೆಯನ್ನು ಸುಲಿಯುವುದು. ಬೇಸರ ತರುವ ಈ ಕೆಲಸಗಳಲ್ಲಿಯೂ ಕಲಿಕೆಯುಂಟು. ಹೊದಿಕೆ ಸುಲಿಯುವಾಗ ತಾಮ್ರದ ಎಳೆಗಳು ಕತ್ತರಿಸಿಹೋದರೆ ಆ ಭಾಗ ಕಿರಿದಾಗಿ ಬಿಸಿಯೇರುತ್ತದೆ. ತಿರುಪು ಸಡಿಲವಿದ್ದರೂ ಹಾಗೆಯೇ. ಇಂದು ತೋರದ ಈ ದೋಷ ಕಾಲಾನಂತರ ಬೆಂಕಿಗೆ ಕಾರಣವಾಗಬಹುದು. ಕೆಂಪು, ಹಳದಿ, ನೀಲಿ ತಂತಿಗಳು ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಭೂಸಂಪರ್ಕಕ್ಕೆ ಎಂಬ ರೂಢಿ ಈ ಹಂತದಲ್ಲಿ ಅಭ್ಯಾಸವಾಗುತ್ತದೆ. ಆದರೆ ಹಿಂದೆ ಕೆಲಸ ಮಾಡಿದವರು ಈ ರೂಢಿಯನ್ನು ಪಾಲಿಸಿರುವರೆಂದು ಬಣ್ಣವನ್ನಷ್ಟೇ ನೋಡಿ ನಂಬಲಾಗದು.

ಆರಿದ ದೀಪವನ್ನು ನಂಬಬಾರದು

"ಲೈನ್ ಬಂದ್ ಆಗಿದೆ, ಹತ್ತು" ಎಂಬ ಮಾತು ಕೆಲಸದ ಸ್ಥಳಗಳಲ್ಲಿ ಸಾಮಾನ್ಯ. ಹೇಳುವವರು ಅನುಭವಿಗಳೇ ಆಗಿರಬಹುದು. ಆದರೂ ಆ ಮಾತೊಂದೇ ಸಾಲದು. ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯಲ್ಲಿ ಅಳವಡಿಸಿದ್ದರೆ, ಸ್ವಿಚ್ ಆರಿಸಿದಾಗ ದೀಪವೇನೋ ಆರುತ್ತದೆ. ಆದರೆ ಹೋಲ್ಡರಿನಲ್ಲಿ 230 ವೋಲ್ಟ್ ಉಳಿದೇ ಇರುತ್ತದೆ. ಜನರೇಟರ್ ಅಥವಾ ಇನ್ವರ್ಟರಿನಿಂದ ವಿದ್ಯುತ್ ಮರಳಿ ಬರುವುದೂ ಉಂಟು.

ಆದುದರಿಂದ ಕ್ರಮ ಹೀಗಿರಬೇಕು. ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯೂಸನ್ನು ಕಳಚಿ ತನ್ನ ಬಳಿಯೇ ಇರಿಸಿಕೊಳ್ಳಬೇಕು. ಕೆಲಸ ನಡೆಯುತ್ತಿದೆಯೆಂಬ ಫಲಕವನ್ನು ತೂಗುಹಾಕಬೇಕು. ಬಳಿಕ ಪರೀಕ್ಷಾ ದೀಪವನ್ನು ಮೊದಲು ವಿದ್ಯುತ್ ಇರುವ ಬೇರೊಂದು ಕಡೆ ಹಚ್ಚಿ ಸರಿಯಿದೆಯೆಂದು ತಿಳಿಯಬೇಕು. ಅನಂತರ ಕೆಲಸದ ತಂತಿಯನ್ನು ಪರೀಕ್ಷಿಸಬೇಕು. ಕೊನೆಗೆ ದೀಪವನ್ನು ಇನ್ನೊಮ್ಮೆ ಮೊದಲಿನ ಕಡೆಯೇ ಹಚ್ಚಿ ನೋಡಬೇಕು. ನಡುವೆ ದೀಪವೇ ಕೆಟ್ಟಿದ್ದರೆ ನಿರ್ಜೀವವೆಂದು ತೋರಿದ ತಂತಿ ಸಜೀವವಾಗಿರಬಹುದು.

ಸರ್ಕ್ಯೂಟ್ ಬ್ರೇಕರ್ ಕಾಪಾಡುತ್ತದೆಂಬ ಭರವಸೆಯೂ ಸಲ್ಲದು. ಮನುಷ್ಯರ ರಕ್ಷಣೆಗೆಂದು ಅಳವಡಿಸುವ ಆರ್.ಸಿ.ಸಿ.ಬಿ. ಸಾಧನದ ಮಿತಿ 30 ಮಿಲಿ ಆಂಪಿಯರ್. 60 ವಾಟ್‌ನ ಬಲ್ಬು ಎಳೆಯುವ ವಿದ್ಯುತ್ತೇ ಸುಮಾರು 260 ಮಿಲಿ ಆಂಪಿಯರ್. 6 ಆಂಪಿಯರ್‌ನ ಸಾಮಾನ್ಯ ಬ್ರೇಕರಿನ ಮಿತಿಯಾದರೋ 30 ಮಿಲಿ ಆಂಪಿಯರ್‌ನ 200 ಪಟ್ಟು. ಅದು ತಂತಿಯನ್ನು ಕಾಯುತ್ತದೆ, ಮನುಷ್ಯರನ್ನಲ್ಲ.

ಯಾರಿಗಾದರೂ ಆಘಾತವಾದಲ್ಲಿ ಅವರನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ವಿದ್ಯುತ್ ಸರಬರಾಜನ್ನು ಕಡಿಯಬೇಕು. 112 ಸಂಖ್ಯೆಗೆ ಕರೆಮಾಡಿ ಪ್ರಥಮ ಚಿಕಿತ್ಸೆ ಆರಂಭಿಸಬೇಕು.

ಅವಸರಕ್ಕೆ ಕಾನೂನಿನ ತಡೆ

ಪರೀಕ್ಷಿಸಲು ಕೆಲವು ನಿಮಿಷಗಳು ಬೇಕು. ಆ ನಿಮಿಷಗಳನ್ನು ಕಸಿಯುವುದು ಅವಸರ. ಅಧಿನಿಯಮದ ಕೆಲವು ವಿಧಿಗಳು ಇಲ್ಲಿ ನೆರವಿಗೆ ಬರುತ್ತವೆ. ಶಿಶಿಕ್ಷುವಿಗೆ ಮಾಡಿದ ಕೆಲಸದ ಎಣಿಕೆಯ ಮೇಲೆ ಹಣ ಕೊಡುವಂತಿಲ್ಲ. ನಿಗದಿತ ಶಿಷ್ಯವೇತನ ನೀಡಬೇಕು. ಶಿಶಿಕ್ಷು ಸಲಹಾಧಿಕಾರಿಯ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಅವಧಿಯ ಕೆಲಸಕ್ಕೆ ಹಚ್ಚುವಂತಿಲ್ಲ. ತರಬೇತಿಯಲ್ಲಿ ಗಾಯವಾದರೆ ಕಾನೂನಿನನ್ವಯ ಪರಿಹಾರ ನೀಡುವ ಹೊಣೆ ಮಾಲೀಕರದು.

ಈ ರಕ್ಷಣೆಗಳಿಗೆ ಆಧಾರ ಕರಾರುಪತ್ರ. ಅದು ನೋಂದಣಿಯಾಗಿರಬೇಕು, ಅಭ್ಯರ್ಥಿ ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಪೋಷಕರು ಸಹಿ ಮಾಡಬೇಕು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗ ಪೋಷಕರಿಗೆ ಕರಾರಿನ ಭಾಷೆ ತಿಳಿಯದಿದ್ದರೆ, ಬಲ್ಲವರಿಂದ ಓದಿಸಿ ಅರ್ಥ ತಿಳಿದ ಮೇಲೆಯೇ ಸಹಿ ಹಾಕುವುದು ಲೇಸು. ಕರಾರಿಲ್ಲದೆ "ಕೆಲಸ ಕಲಿಸುತ್ತೇನೆ" ಎನ್ನುವ ಬಾಯಿಮಾತಿನಿಂದ ಈ ಹಕ್ಕುಗಳನ್ನು ಸಾಧಿಸುವುದು ಕಷ್ಟ.

ತರಬೇತಿಯ ನಂತರ

ಅವಧಿ ಮುಗಿದ ಮೇಲೆ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ದೊರೆಯುತ್ತದೆ. ಸ್ವತಂತ್ರವಾಗಿ ವೈರಿಂಗ್ ಕೆಲಸ ಮಾಡಬಯಸುವವರು ವಾಸವಿರುವ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಪರವಾನಗಿಯ ನಿಯಮಗಳನ್ನು ವಿಚಾರಿಸತಕ್ಕದ್ದು. ಬೇರೆ ರಾಜ್ಯಕ್ಕೆ ಹೋದಾಗ ಅಲ್ಲಿನ ನಿಯಮಗಳನ್ನು ಮತ್ತೆ ತಿಳಿದುಕೊಳ್ಳಬೇಕು.

ಕೈಚಳಕ ಕ್ರಮೇಣ ಬರುತ್ತದೆ. ಆದರೆ "ಒಮ್ಮೆ ಪರೀಕ್ಷಿಸಿ ಏರುತ್ತೇನೆ" ಎಂದು ಹಿರಿಯರಿಗೆ ವಿನಯದಿಂದ ಹೇಳುವ ಧೈರ್ಯ ಮೊದಲ ದಿನದಿಂದಲೇ ಇರಬೇಕು. ಅದನ್ನು ಕೇಳಿ ಸಿಡಿಮಿಡಿಗೊಳ್ಳದೆ ಕಾಯುವುದು ಕಲಿಸುವವರ ಕರ್ತವ್ಯ.