ಅಗಲಿದವರಿಗೆ ಮನೆಯಲ್ಲೊಂದು ಜಾಗ

ಮನೆಯೊಳಗಿನ ಸ್ಮರಣೆಯ ತಾಣಕ್ಕೆ ಮೊದಲು ಬೇಕಾದದ್ದು ಬಿಸಿಲೂ ತೇವವೂ ತಾಗದ ಗೋಡೆ. ದಕ್ಷಿಣವನ್ನು ಪಿತೃಗಳ ದಿಕ್ಕೆಂದು ನಂಬುವವರು ಭಾವಚಿತ್ರವನ್ನು ಆ ದಿಕ್ಕಿನ ಗೋಡೆಗೆ ಹಾಕುತ್ತಾರೆ. ದೇವರ ಕೋಣೆಯಲ್ಲಿ ಇಡದಿರುವುದೂ ಹಲವರ ರೂಢಿ.

ಹಳೆಯ ಮೂಲ ಫೋಟೊವನ್ನು ಮಾತ್ರ ಎಂದಿಗೂ ತೂಗುಹಾಕಬಾರದು. ಬೆಳಕಿಗೆ ಬಣ್ಣ ಮಾಸುತ್ತದೆ. ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೇ ಅಂಟಿಕೊಂಡರೆ, ಬಿಡಿಸುವಾಗ ಮುಖವೇ ಕಿತ್ತುಬಂದೀತು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಪ್ರತಿಗೆ ಫ್ರೇಮ್ ಹಾಕಿಸಿ, ಮೂಲವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಡುವುದು ಕ್ಷೇಮ. ಹಿಂಬದಿಯಲ್ಲಿ ಮೃದು ಪೆನ್ಸಿಲ್ಲಿನಿಂದ ಹೆಸರು, ಊರು, ಇಸವಿ ಬರೆದಿಡಬೇಕು. ಮೊಮ್ಮಕ್ಕಳ ಮಕ್ಕಳಿಗೆ ಮುಖ ಕಂಡರೂ ಹೆಸರು ತಿಳಿದಿರುವುದಿಲ್ಲ.

ಕನ್ನಡಕ, ಅಡಕತ್ತರಿ, ಕೈಬರಹದ ಲೆಕ್ಕದ ಪುಸ್ತಕ — ಜೊತೆಗೆ ಇಂಥ ಒಂದೆರಡು ವಸ್ತು ಸಾಕು.

ಭಾದ್ರಪದದ ಮಹಾಲಯ ಅಮಾವಾಸ್ಯೆಗೆ ಹಳೆ ಮೈಸೂರು ಭಾಗದ ಅನೇಕ ಮನೆಗಳಲ್ಲಿ ಹೊಸ ಬಟ್ಟೆಯಿಟ್ಟು, ತೀರಿಹೋದವರಿಗೆ ಇಷ್ಟವಾದ ಅಡುಗೆಯನ್ನೇ ಮಾಡಿ ಎಡೆ ಇಡುತ್ತಾರೆ. ದಿನವೂ ಆ ಮುಖ ನೋಡಿ ತಾಳಿಕೊಳ್ಳಲಾಗದಷ್ಟು ದುಃಖ ಹಸಿಯಾಗಿದ್ದರೆ, ಚಿತ್ರವನ್ನು ಆ ದಿನಕ್ಕೆ ಮಾತ್ರ ಹೊರತೆಗೆದರೂ ಗೌರವಕ್ಕೆ ಕೊರತೆಯಾಗದು.